ಪರದೇಶಿ ಸರ್ವರ್ ಮತ್ತು ಗೋಡೆಯ ಸಾಕೆಟ್ಟು

ಸಿಮೆಂಟ್ ಕಾರ್ಖಾನೆಯೊಂದರ ಮಾಹಿತಿಯನ್ನೆಲ್ಲ ಕಾಯಲೆಂದು ಪರದೇಶದಿಂದ ದೊಡ್ಡ ಸ್ಟೋರೇಜ್ ಸರ್ವರ್ ಬಂದಿತು. "ನಿಮ್ಮ ಕಾರ್ಖಾನೆಯ ಇಡೀ ಮಾಹಿತಿ ನನ್ನ ಒಂದು ತುತ್ತಿಗೂ ಸಾಲದು," ಎಂದು ಅದು ಗೋಡೆಯ ಸಾಕೆಟ್ಟಿನ ಮುಂದೆ ಬೀಗಿತು.

"ಸಂತೋಷ, ಸ್ವಾಮಿ. ಆದರೆ ನಿಮ್ಮ ಪ್ಲಗ್ಗಿನ ಕಾಲು ಚಪ್ಪಟೆ, ನನ್ನ ತೂತು ದುಂಡಗೆ. ನಡುವೆ ಈ ಅಡಾಪ್ಟರಮ್ಮ ಇರಲಿ," ಎಂದಿತು ಸಾಕೆಟ್ಟು.

"ಸಂತೆಯಲ್ಲಿ ಸಿಗುವವಳ ಕೈಯಿಂದ ನಾನು ಉಣ್ಣುವುದೇ? ಛೀ!" ಎಂದು ಸರ್ವರ್ ಪ್ಲಗ್ಗನ್ನು ಹಿಂದಕ್ಕೆ ಎಳೆದುಕೊಂಡಿತು.

ಎಂಜಿನಿಯರ್ ಪಂಪಣ್ಣ ಗುಂಡಿ ಒತ್ತಿ ಒತ್ತಿ ಸೋತ. ಕೊನೆಗೆ ಅದರ ಡಿಸ್ಕುಗಳನ್ನೆಲ್ಲ ಕಿತ್ತು ಕಾರ್ಖಾನೆಯ ಹಳೆಯ ಸರ್ವರ್‌ಗೆ ಹಾಕಿದ. ಖಾಲಿಯಾದ ಗೂಡಿನಲ್ಲಿ ತನ್ನ ಬುತ್ತಿ ಇಟ್ಟ.

"ಈಗ ಎಷ್ಟು ಮಾಹಿತಿ ಇದೆ, ಸ್ವಾಮಿ?" ಸಾಕೆಟ್ಟು ಕೇಳಿತು.

ಸರ್ವರ್ ಗಂಭೀರವಾಗಿ ಹೇಳಿತು: "ಒಂದೇ. ಚಿತ್ರಾನ್ನಕ್ಕೆ ಉಪ್ಪು ಕಡಿಮೆ."