ಒಂದು ರಾತ್ರಿ ಹೊದ್ದು ನೋಡಿ

“ತಾಯೀ, ಬಂದು ಕೇಳುವವರನ್ನು ಕೊಳ್ಳುವವರನ್ನಾಗಿ ಮಾಡುವುದು ಹೇಗೆ?”

ಕೇಳಿದವನು ಶಿಷ್ಯ ಪಂಪಾಪತಿ. ಹಾಸಿಗೆ ಹಿಡಿದವರಿಗೆ ಬೇಕಾಗುವ ಮಂಚ, ಗಾಲಿಕುರ್ಚಿ, ಉಸಿರಾಟದ ಯಂತ್ರ ಇವುಗಳನ್ನು ಅವನು ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ. ಅಂಗಡಿಯೆಂದರೆ ಒಂದು ವೆಬ್‌ಸೈಟು, ಒಂದು ಫೋನು, ಬಾಡಿಗೆಗೆ ಹಿಡಿದ ಒಂದು ಗೋದಾಮು.

“ಬರುವವರೇನು ಕಡಿಮೆಯಿಲ್ಲ,” ಎಂದ. “ನೋಡುತ್ತಾರೆ, ಬೆಲೆ ಕೇಳುತ್ತಾರೆ, ಫೋನ್ ನಂಬರನ್ನೂ ಬಿಟ್ಟು ಹೋಗುತ್ತಾರೆ. ನಾನಾಗಿ ಕರೆ ಮಾಡಿದರೆ ಬೇಡ ಅನ್ನುತ್ತಾರೆ. ಹೀಗೇ ನಡೆದರೆ ಅಂಗಡಿ ಮುಚ್ಚಬೇಕಾಗುತ್ತದೆ. ಅದಕ್ಕೇ ಒಂದು ಯೋಚನೆ ಮಾಡಿದ್ದೇನೆ. ಒಂದು ವಾರ ಬಿಟ್ಟಿಯಾಗಿ ಮಂಚ ಕಳಿಸಿಬಿಡುವುದು. ಒಮ್ಮೆ ಮಲಗಿದವರು ವಾಪಸು ಕೊಡುವುದಿಲ್ಲ.”

“ಒಳ್ಳೆಯ ಉಪಾಯ,” ಎಂದರು ಗುರುವಮ್ಮ. “ಹೊಸದೇನಲ್ಲ. ನಿನಗಿಂತ ಮೊದಲೇ ಒಬ್ಬ ಮಾಡಿದ್ದ. ಕೂತುಕೋ.”

ಅವರು ಹೇಳಿದ ಕತೆ ಇದು.

ಒಬ್ಬ ಕಂಬಳಿ ವ್ಯಾಪಾರಿಯಿದ್ದ. ನೇಕಾರನ ಮನೆಯಿಂದ ಹೊರೆ ಹೊತ್ತು ತರುವುದು, ಊರೂರು ಅಲೆದು ಮಾರುವುದು ಅವನ ಕಸುಬು. ಕಂಬಳಿ ಒಳ್ಳೆಯದು. ಹುಣಸೆಬೀಜದ ಗಂಜಿ ಕುಡಿದ ಗಟ್ಟಿ ನೇಯ್ಗೆ. ನಾಲ್ಕು ಮೂಲೆ ಹಿಡಿದು ಒಂದು ಕೊಡ ನೀರು ಸುರಿದರೂ ಕೆಳಗೆ ಹನಿ ಬೀಳುತ್ತಿರಲಿಲ್ಲ. ಜನ ಸುರಿದೂ ನೋಡುತ್ತಿದ್ದರು. ಮೂಸಿ ನೋಡುತ್ತಿದ್ದರು. ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದರು. ಬೆಲೆ ಕೇಳಿ, “ಸುಗ್ಗಿ ಮುಗೀಲಿ, ನೋಡೋಣ” ಎಂದು ಮಡಚಿ ಕೊಡುತ್ತಿದ್ದರು. ಒದ್ದೆ ಕಂಬಳಿಯನ್ನು ಒಣಗಿಸುವುದೇ ಅವನಿಗೆ ಇನ್ನೊಂದು ಕಸುಬಾಯಿತು.

ನೇಕಾರ ಹೇಳಿದ: “ಈ ಮಾಗಿಯಲ್ಲಿ ಹೊರೆ ಖಾಲಿಯಾಗದಿದ್ದರೆ ನನ್ನ ಬಾಗಿಲಿಗೆ ಬರಬೇಡ. ನಿನ್ನ ಹೆಗಲು ಬೆಚ್ಚಗಿರಲಿ ಅಂತ ನಾನು ಮಗ್ಗದ ಮುಂದೆ ಕೂತಿಲ್ಲ.”

ವ್ಯಾಪಾರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದ. ಹಗಲು ಮುಟ್ಟಿದರೆ ಅದು ಬರೀ ಉಣ್ಣೆ, ರಾತ್ರಿ ಹೊದ್ದರೆ ಮಾತ್ರ ಕಂಬಳಿ ಎಂದು ಅವನಿಗೆ ಹೊಳೆಯಿತು. ಮುಂದಿನ ಊರಿನಲ್ಲಿ ಬೆಲೆ ಹೇಳುವುದನ್ನೇ ಬಿಟ್ಟ. “ದುಡ್ಡು ಆಮೇಲೆ. ಒಂದು ರಾತ್ರಿ ಹೊದ್ದು ನೋಡಿ. ಬೇಕಾದರೆ ಇಟ್ಟುಕೊಳ್ಳಿ, ಬೇಡದಿದ್ದರೆ ಬೆಳಿಗ್ಗೆ ಕೊಡಿ” ಎಂದ.

ಜನ ಹೊದ್ದರು. ಬೆಚ್ಚಗೆ ನಿದ್ದೆ ಮಾಡಿದರು. ಬೆಳಿಗ್ಗೆ ಮಡಚಿ ಕೊಟ್ಟರು.

ಒಂದು ಮನೆಯಲ್ಲಿ ಮಾತ್ರ ಕೊಡಲಿಲ್ಲ. ಆ ಮನೆಯ ಹಿರಿಯ ಆ ರಾತ್ರಿಯೇ ತೀರಿಕೊಂಡಿದ್ದ. ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು: ಯಾವ ಹೊದಿಕೆಯ ಅಡಿಯಲ್ಲಿ ಜೀವ ಹೋಯಿತೋ ಆ ಹೊದಿಕೆ ಸತ್ತವರ ಜೊತೆಗೇ ಮಣ್ಣಿಗೆ ಹೋಗಬೇಕು. ಅದು ಮನೆಯ ಗೂಟಕ್ಕೂ ಬರುವಂತಿಲ್ಲ, ಮಾರುವವನ ಹೆಗಲಿಗೂ ಬರುವಂತಿಲ್ಲ. ಮಣ್ಣು ಮುಗಿಸಿ ಬಂದ ಮಗ ವ್ಯಾಪಾರಿಯ ಕೈಗೆ ದುಡ್ಡಿಟ್ಟ. ಸತ್ತವರ ಬಟ್ಟೆಗೆ ಚೌಕಾಶಿ ಮಾಡುವವರು ಯಾರು?

ವ್ಯಾಪಾರಿ ಪಾಠ ಕಲಿತ.

ಅಲ್ಲಿಂದ ಮುಂದೆ ಊರು ಹೊಕ್ಕರೆ ಅವನು ಮೊದಲು ಬಾವಿಯ ಕಟ್ಟೆಗೆ ಹೋದ. ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಕೆಮ್ಮು, ಯಾರು ಅನ್ನ ಬಿಟ್ಟಿದ್ದಾರೆ ಎಂದು ನೀರು ಸೇದುವ ಹೆಂಗಸರನ್ನು ಕೇಳಿದ. ಕಾಳಜಿಯ ಮನುಷ್ಯ ಎಂದು ಅವರು ಎಲ್ಲವನ್ನೂ ಹೇಳಿದರು. ಗಟ್ಟಿಮುಟ್ಟಾದವರ ಬಾಗಿಲನ್ನು ಅವನು ದಾಟಿ ಹೋದ. ನೀರು ಸುರಿದು ನೋಡುವವರ ಗೋಜೇ ಬೇಡವೆಂದ. ಕಾಯಿಲೆಯ ಮನೆಯ ಮುಂದೆ ನಿಂತು, “ಹಿರಿಯರಿಗೆ ಚಳಿಯಂತೆ. ಒಂದು ರಾತ್ರಿ ಹೊದಿಸಿ ನೋಡಿ” ಎಂದ. ಬೇಡ ಅನ್ನಲು ಯಾವ ಮಕ್ಕಳಿಗೆ ಬಾಯಿ ಬಂದೀತು?

ಹೊರೆ ಖಾಲಿಯಾಯಿತು. ನೇಕಾರ ಇನ್ನೊಂದು ಮಗ್ಗ ಹೂಡಿದ.

ಇದನ್ನು ನೆನಪಿಡು, ಪಂಪಾಪತಿ. ಅವನು ಯಾರಿಗೂ ಮೋಸ ಮಾಡಲಿಲ್ಲ. ಕಂಬಳಿಯಲ್ಲಿ ಎಳೆ ಕಡಿಮೆಯಿರಲಿಲ್ಲ, ಬೆಲೆಯಲ್ಲಿ ಕಾಸು ಹೆಚ್ಚಿರಲಿಲ್ಲ. ಯಾರನ್ನೂ ಅವನು ಕೊಲ್ಲಲಿಲ್ಲ. ಸಾಯುವವರು ಬೆಚ್ಚಗೆ ಸತ್ತರು. ಅಷ್ಟು ಪುಣ್ಯದ ವ್ಯಾಪಾರ ನಾನೂ ಬೇರೆಲ್ಲೂ ಕಂಡಿಲ್ಲ.

ಆದರೆ ಜನಕ್ಕೆ ಕಣ್ಣಿದೆ. ಇವನು ಬಂದ ಮನೆಯಿಂದ ಚಟ್ಟ ಏಳುತ್ತದೆ ಎಂಬ ಮಾತು ಅವನಿಗಿಂತ ಮೊದಲೇ ಊರು ತಲುಪತೊಡಗಿತು. ಅವನ ನೆರಳು ಕಂಡರೆ ಕಾಯಿಲೆಯವರು ಗೋಡೆಯ ಕಡೆ ಹೊರಳಿದರು. ಮಾರಿಯನ್ನು ಸಾಗಹಾಕಲು ಬರೆಯುವ ಹಾಗೆ ಮನೆಮನೆಯ ಬಾಗಿಲ ಮೇಲೆ ಇದ್ದಿಲಿನಲ್ಲಿ ‘ನಾಳೆ ಬಾ’ ಎಂದು ಬರೆದರು. ವ್ಯಾಪಾರಿ ಅದನ್ನು ಓದಿದ. ಅವನು ವ್ಯಾಪಾರಿಯಲ್ಲವೇ? ಕರೆದಿದ್ದಾರೆ ಎಂದುಕೊಂಡು ಮರುದಿನ ಹೋದ.

ಹಾಗೇ ಒಂದು ಊರಿಗೆ ಬಂದಾಗ ಹೊರೆಯಲ್ಲಿ ಒಂದೇ ಒಂದು ಕಂಬಳಿ ಉಳಿದಿತ್ತು. ಊರ ಕೊನೆಯ ಗುಡಿಸಲಿನಲ್ಲಿ ಒಬ್ಬ ಮುದುಕಿ ಜ್ವರದಿಂದ ನಡುಗುತ್ತಿದ್ದಳು. ಅವಳ ಮೇಲೆ ಎರಡು ಗೋಣಿಚೀಲ ಹೊದಿಸಿದ್ದರು. ನೋಡಿಕೊಳ್ಳಲು ಇದ್ದವಳು ಒಬ್ಬ ಮಗಳು.

ಮಗಳು ಬಾಗಿಲಿಗೆ ಅಡ್ಡ ನಿಂತಳು. “ಬ್ಯಾಡಣ್ಣ. ನೀನು ಯಾರು ಅಂತ ನಮಗೆ ಗೊತ್ತು. ಕೊಳ್ಳೋ ಶಕ್ತಿ ಇಲ್ಲ, ಕಳ್ಕೊಳ್ಳೋ ಶಕ್ತೀನೂ ಇಲ್ಲ.”

ಒಳಗಿನಿಂದ ಮುದುಕಿ ಕೂಗಿದಳು. “ಬಿಡೇ, ಒಳಗೆ ಬರಲಿ. ಹೋಗೋಳಿಗೆ ಚಳಿಯಾದರೂ ಬಿಡ್ಲಿ. ಏನಪ್ಪ, ನನಗೆ ಸಾಲುವಷ್ಟು ಉದ್ದ ಇದೆಯೋ?”

“ಇದೆ ಅಜ್ಜಿ,” ಎಂದ ವ್ಯಾಪಾರಿ.

“ಮಣ್ಣೊಳಗೆ ಕಾಲು ಹೊರಗೆ ಬಂದರೆ ನಿನ್ನನ್ನೇ ಕೇಳ್ತೀನಿ ನೋಡು.”

ವ್ಯಾಪಾರಿ ಹೊದಿಸಿದ. ಚಾವಡಿಗೆ ಹೋಗಿ ಮಲಗಿದ. ಬೆಳಿಗ್ಗೆ ಬಂದು ನೋಡಿದರೆ ಮುದುಕಿಗೆ ಜೀವವಿತ್ತು. “ಇರಲಿ, ಇನ್ನೊಂದು ರಾತ್ರಿ ಹೊದ್ದುಕೊಳ್ಳಲಿ” ಎಂದ. ಮತ್ತೊಂದು ಬೆಳಿಗ್ಗೆಯೂ ಜೀವವಿತ್ತು. ಆಗಲೂ ಅದನ್ನೇ ಎಂದ. ಇವನಿಗೂ ಕರುಳಿದೆಯಲ್ಲ ಎಂದು ಊರು ಮಾತಾಡಿಕೊಂಡಿತು. ಇದ್ದಿಲಿನ ಅಕ್ಷರವನ್ನು ಕೆಲವರು ಒರೆಸಿಯೂ ಬಿಟ್ಟರು.

ಆಮೇಲೆ ಒಂದು ಬೆಳಿಗ್ಗೆ ಹೋದಾಗ ಮುದುಕಿ ಬಾಗಿಲ ಹೊರಗೆ ಎಳೆಬಿಸಿಲಿನಲ್ಲಿ ಕೂತಿದ್ದಳು. ಕಂಬಳಿ ಭುಜದ ಮೇಲಿತ್ತು. ಗಂಜಿ ಕುಡಿಯುತ್ತಿದ್ದಳು. ಜ್ವರ ಇಳಿದಿತ್ತು.

ವ್ಯಾಪಾರಿಯ ಮುಖ ಇಳಿಯಿತು.

ಅವನಿಗೆ ಅದು ಗೊತ್ತಾಗಲಿಲ್ಲ. ತನ್ನ ಮುಖ ಯಾರಿಗೆ ಕಾಣುತ್ತದೆ? ಮಗಳು ನೋಡಿದಳು. ಮುದುಕಿಯೂ ನೋಡಿದಳು, ನೋಡಿ ನಕ್ಕಳು.

“ಯಾಕಪ್ಪ, ಬದುಕಿಬಿಟ್ಟೆ ಅಂತ ಬೇಜಾರೇ?”

“ಹಾಗಲ್ಲ ಅಜ್ಜಿ. ಕಂಬಳಿ ಇಟ್ಟುಕೊಳ್ತೀರೋ ಹೇಗೆ ಅಂತ.”

“ಇಟ್ಟುಕೊಳ್ಳೋಕೆ ನಮ್ಮ ಹತ್ತಿರ ಏನಿದೆ? ಇದ್ದದ್ದು ಸಾವು ಒಂದೇ. ಅದೂ ಕೈಕೊಡ್ತು.”

ಮುದುಕಿ ಕಂಬಳಿಯನ್ನು ಭುಜದಿಂದ ತೆಗೆದಳು. ಮಗಳು ತಾಯಿಯ ಕೈ ಹಿಡಿದಳು. “ಅಣ್ಣಾ, ಇನ್ನೂ ಮೈ ಬಿಸಿ ಐತೆ. ಈ ಚಳಿ ಕಳೆಯೋವರೆಗೆ ಬಿಟ್ಟಿರು. ಕೂಲಿ ಮಾಡಿಯಾದರೂ ತೀರಿಸ್ತೀನಿ.”

ವ್ಯಾಪಾರಿ ಲೆಕ್ಕ ಹಾಕಿದ. ಸಾಯುವವಳಿಗೆ ಎಷ್ಟು ರಾತ್ರಿ ಬೇಕಾದರೂ ಬಿಡಬಹುದಾಗಿತ್ತು. ಅದು ವ್ಯಾಪಾರ. ಬದುಕುವವಳಿಗೆ ಬಿಟ್ಟರೆ ಅದು ದಾನ. ಇವಳೊಬ್ಬಳಿಗೆ ಬಿಟ್ಟರೆ ನಾಳೆಯಿಂದ ಊರಿಗೆ ಊರೇ ಬದುಕಿ ಕೂರುತ್ತದೆ. ಅವನು ಕಂಬಳಿಯನ್ನು ಇಸಿದುಕೊಂಡ. ಝಾಡಿಸಿ, ಮಡಚಿ, ಹೆಗಲಿಗೆ ಹಾಕಿಕೊಂಡ.

ಆ ರಾತ್ರಿ ಮಾಗಿಯ ಚಳಿ ಕೊನೆಯ ಸಲ ಕಚ್ಚಿತು. ಅಷ್ಟು ದಿನ ಬೆಚ್ಚಗಿದ್ದ ಮೈಗೆ ಗೋಣಿಚೀಲ ಸಾಲಲಿಲ್ಲ.

ಬೆಳಿಗ್ಗೆ ವ್ಯಾಪಾರಿ ಊರ ಗಡಿ ದಾಟುತ್ತಿದ್ದ. ಹಿಂದಿನಿಂದ ಮಗಳು ಓಡಿ ಬಂದಳು. ಅಳುತ್ತಿರಲಿಲ್ಲ. “ಅದೇ ಕಂಬಳಿ ಕೊಡು. ಅವ್ವನ್ನ ಗೋಣಿಚೀಲದಲ್ಲಿ ಮಣ್ಣಿಗೆ ಕಳಿಸಲ್ಲ,” ಎಂದಳು.

ಅವನಿಗೆ ಅರ್ಥವಾಯಿತು. ಕಂಬಳಿಯನ್ನು ಅವಳ ಕೈಗಿಟ್ಟು, “ತಗೋ ತಂಗೀ, ದುಡ್ಡು ಬೇಡ” ಎಂದ.

“ಬದುಕಿದ್ದವಳಿಗೆ ಬಿಟ್ಟಿ ಕೊಡಲಿಲ್ಲ, ಹೆಣಕ್ಕೆ ಯಾಕೆ ಕೊಡ್ತೀಯ?” ಎಂದಳು ಮಗಳು. ತಾಯಿಯ ಕಿವಿಯಿಂದ ಬಿಚ್ಚಿ ತಂದಿದ್ದ ಓಲೆಯನ್ನು ಅವನ ಅಂಗೈಯಲ್ಲಿಟ್ಟಳು. ಕಂಬಳಿಯನ್ನು ಎದೆಗೆ ಅವುಚಿಕೊಂಡು ಊರಿನ ಕಡೆ ನಡೆದಳು. ಚೌಕಾಶಿ ಮಾಡಲಿಲ್ಲ.

ಗುರುವಮ್ಮ ಅಲ್ಲಿಗೆ ನಿಲ್ಲಿಸಿದರು.

ಪಂಪಾಪತಿ ಕಾದ. ಕತೆ ಮುಂದೆ ಸಾಗಲಿಲ್ಲ.

“ಅಂದರೆ ಅವನ ಹೊರೆ ಖಾಲಿಯಾಯಿತು,” ಎಂದ ಕೊನೆಗೆ.

“ಪೂರ್ತಿ ಖಾಲಿಯಾಯಿತು. ಕೇಳಿದವರಲ್ಲಿ ಒಬ್ಬರೂ ಕೈತಪ್ಪಲಿಲ್ಲ. ನಿನಗೆ ಬೇಕಾದದ್ದೂ ಅದೇ ತಾನೇ?”

“ಅವನದು ತಪ್ಪು ತಾಯೀ, ಒಪ್ಪಿದೆ. ಆದರೆ ನಾನು ಯಾರ ಮೈಮೇಲಿಂದಲೂ ಕಂಬಳಿ ಕಿತ್ತುಕೊಂಡವನಲ್ಲ. ನನ್ನವರು ತಾವಾಗಿಯೇ ಬೇಡ ಅಂದು ಫೋನ್ ಇಡುತ್ತಾರೆ. ನಷ್ಟ ನನಗೇ.”

ಗುರುವಮ್ಮ ಶಿಷ್ಯನ ಮುಖ ನೋಡಿ ಕೇಳಿದರು:

“ಮಂಚ ಬೇಡವೆಂದು ಅವರು ಫೋನ್ ಇಟ್ಟಾಗ, ಆ ಮನೆಯಲ್ಲಿ ಹಾಸಿಗೆ ಹಿಡಿದವರು ಗುಣವಾಗಿ ಎದ್ದು ಕೂತರೇ ಎಂದು ನೀನು ಒಂದು ಸಲವಾದರೂ ಕೇಳಿದ್ದೀಯಾ, ಮಗಾ?”