ಗೋದಲಿಯ ಗದ್ದೆ

"ಗುರುಗಳೇ, ಮನಸ್ಸಿನಲ್ಲಿ ಇಲ್ಲದ ಹಬ್ಬವನ್ನು ಮನೆಯಲ್ಲಿ ಮಾಡುವುದು ಸುಳ್ಳಲ್ಲವೇ?" ಎಂದು ಲಿಗೋರಿ ಕೇಳಿದ.

ಅವನ ಕೈಯಲ್ಲಿ ತಾಯಿಯ ಕಾಗದವಿತ್ತು. ಅಣ್ಣ ತೀರಿಕೊಂಡು ಇನ್ನೂ ಆರು ತಿಂಗಳಾಗಿರಲಿಲ್ಲ. ಆದರೂ ತಾಯಿ ಕ್ರಿಸ್ಮಸ್ಸಿಗೆಂದು ಮನೆಯ ಮುಂದೆ ನಕ್ಷತ್ರದ ಗೂಡುದೀಪ ಕಟ್ಟಿಸಿದ್ದಳು. ನೀನೂ ಬಾ ಎಂದು ಬರೆದಿದ್ದಳು. ಹೋಗಲು ಅವನಿಗೆ ಮನಸ್ಸಿರಲಿಲ್ಲ.

ಗುರುಗಳು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಉತ್ತರದ ಬದಲು ಕತೆ ಬರುತ್ತದೆಂದೇ ಲೆಕ್ಕ. ಲಿಗೋರಿ ಚಾಪೆಯ ಮೇಲೆ ಕೂತ. ಗುರುಗಳು ಹೇಳತೊಡಗಿದರು.

ಕಡಲಿನ ಬದಿಯಲ್ಲಿ ಒಬ್ಬ ಬಡಗಿ ಇದ್ದ. ಮಳೆಗಾಲದಲ್ಲಿ ಅವನ ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಉಳಿದವರು ಮೂವರು: ಅವನು, ಹನ್ನೆರಡು ವರ್ಷದ ಮಗಳು, ಹೆಂಡತಿಯನ್ನು ಹೆತ್ತ ಕಣ್ಣು ಮಂಜಾದ ಅತ್ತೆ. ಮೂವರೂ ಒಂದೇ ಸೂರಿನ ಕೆಳಗಿದ್ದರು, ಆದರೆ ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಇದ್ದ ಹಾಗೆ ಇದ್ದರು. ಬಡಗಿ ಮಾತಾಡಬೇಕೆಂದು ಬಾಯಿ ತೆರೆಯುತ್ತಿದ್ದ. ಹೊರಗೆ ಬರುತ್ತಿದ್ದುದು ಉಪ್ಪಿನಕಾಯಿ ಎಲ್ಲಿದೆ ಎಂಬ ಪ್ರಶ್ನೆ.

ಡಿಸೆಂಬರ್ ಬಂತು. "ಹಬ್ಬಕ್ಕೆ ನಾನು ಚಿಕ್ಕಮ್ಮನ ಮನೆಗೆ ಹೋಗುತ್ತೇನೆ. ಅಲ್ಲೇ ಇದ್ದುಬಿಡುತ್ತೇನೆ" ಎಂದಳು ಮಗಳು.

ಬಡಗಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ಇಲ್ಲೂ ಹಬ್ಬ ಮಾಡೋಣ" ಎಂದ.

"ಅಮ್ಮ ಇಲ್ಲದೆ ಗೋದಲಿಗೆ ಗದ್ದೆ ಯಾರು ಮಾಡುತ್ತಾರೆ?"

ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ಕಟ್ಟುವ ಗೋದಲಿಯ ಮುಂದೆ ಆ ಕಡೆಯವರು ಪುಟ್ಟ ಗದ್ದೆ ಮಾಡುತ್ತಾರೆ. ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ಭತ್ತ ಚೆಲ್ಲಿದರೆ ಹಬ್ಬದ ಹೊತ್ತಿಗೆ ಗೇಣುದ್ದ ಹಸಿರು. ಆ ಮನೆಯಲ್ಲಿ ಅದು ಹೆಂಡತಿಯ ಕೆಲಸವಾಗಿತ್ತು.

"ನಾನು ಮಾಡುತ್ತೇನೆ" ಎಂದ ಬಡಗಿ.

"ಹಸಿರಾದರೆ ಇರುತ್ತೇನೆ. ಇಲ್ಲದಿದ್ದರೆ ಚಿಕ್ಕಮ್ಮ ಬಂದು ಕರೆದುಕೊಂಡು ಹೋಗಲಿ."

ಬಡಗಿ ಅಡಿಗೆಮನೆಯ ಮೂಲೆಯ ಮಡಕೆಯಿಂದ ನಾಲ್ಕು ಹಿಡಿ ಭತ್ತ ತೆಗೆದ. ಆರು ಗೆರಟೆಗಳಲ್ಲಿ ಚೆಲ್ಲಿದ. ಮೂಡು ದಿಕ್ಕಿನ ಕಿಟಕಿಯಲ್ಲಿ ಸಾಲಾಗಿ ಇಟ್ಟ.

ಮೊದಲ ಎರಡು ದಿನ ನೀರು ಹಾಕಿದ, ಮಗಳು ದೂರದಿಂದ ನೋಡಿದಳು. ಮೂರನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

"ಎಮ್ಮೆ ತೊಳೆದ ಹಾಗೆ ಸುರಿಯಬೇಡಿ ಪಪ್ಪಾ. ಅಮ್ಮ ಬೆರಳ ತುದಿಯಿಂದ ಚಿಮುಕಿಸುತ್ತಿದ್ದಳು."

"ಹೇಗೆ? ತೋರಿಸು."

ಅವಳು ತೋರಿಸಿದಳು. ಅಂದಿನಿಂದ ದಿನವೂ ಬೆಳಿಗ್ಗೆ ಇಬ್ಬರೂ ಕಿಟಕಿಯ ಬಳಿ ಕೂತರು. ಮೊಳಕೆ ಬಂತೇ ಎಂದು ಬಗ್ಗಿ ನೋಡುವುದು, ಬರಲಿಲ್ಲವೆಂದು ಇನ್ನೂ ಸ್ವಲ್ಪ ಕೂರುವುದು. ಹೊರಗೆ ಮಂಜು, ತೆಂಗಿನ ಮರಗಳು ಅರ್ಧಕ್ಕೆ ನಿಂತುಹೋಗಿದ್ದವು. ಒದ್ದೆ ಮಣ್ಣಿನಿಂದ ಒಂದು ವಾಸನೆ ಏಳುತ್ತಿತ್ತು, ಗಂಜಿಯ ಹಾಗೆ, ಬೆಚ್ಚಗೆ. ಅದು ಬಂದಾಗಲೆಲ್ಲ ಮಗಳಿಗೆ ತಾಯಿಯ ನೆನಪು ಬರುತ್ತಿತ್ತು, ಏಕೆಂದು ತಿಳಿಯುತ್ತಿರಲಿಲ್ಲ. ಮಣ್ಣಿನೊಳಗಿನ ಕಾಳಿಗೆ ತಾಯಿ ಹೇಳುತ್ತಿದ್ದ ಜೋಗುಳವನ್ನು ಅವಳೂ ಹೇಳಿದಳು. ಬಡಗಿ ಅದನ್ನು ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೂ ಕೇಳಿರಲಿಲ್ಲ. ಕೂತಲ್ಲೇ ಮರದ ತುಂಡು ಕೆತ್ತುತ್ತ ಕೇಳಿದ.

"ಇದೇನು ಪಪ್ಪಾ?"

"ಕುರಿ. ಗೋದಲಿಗೆ."

"ಇದು ನಾಯಿ."

"ಇರಲಿ, ಕುರಿ ಕಾಯಲು ಒಂದು ಬೇಕಲ್ಲ."

ಅವಳು ನಕ್ಕಳೋ ಕೆಮ್ಮಿದಳೋ, ಬಡಗಿ ಕತ್ತೆತ್ತಿ ನೋಡಲಿಲ್ಲ. ನೋಡಿದರೆ ನಿಂತುಹೋಗಬಹುದೆಂದು ಹೆದರಿದ. ಬಾಗಿಲ ಬಳಿ ಜಪಸರ ಹಿಡಿದು ಕೂತ ಅತ್ತೆ ಏನೂ ಅನ್ನಲಿಲ್ಲ.

ಹೀಗೆ ಹದಿನೈದು ದಿನ. ಗೆರಟೆಯಲ್ಲಿ ಒಂದೇ ಒಂದು ಹಸಿರು ಎಳೆ ಏಳಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಚಿಕ್ಕಮ್ಮ ಚೀಲ ಹಿಡಿದು ಬಂದಳು. ಬಡಗಿ ಆರು ಗೆರಟೆಗಳನ್ನೂ ಮಗಳ ಮುಂದೆ ತಂದಿಟ್ಟ. "ನಾನು ಸೋತೆ ಮಗಾ. ಹೊರಡು" ಎಂದ.

ಆಗ ಅತ್ತೆ ಬಾಯಿ ತೆರೆದಳು. "ಅಳಿಯಂದಿರೇ, ಬೆಂದ ಭತ್ತ ಎಲ್ಲಾದರೂ ಮೊಳೆಯುತ್ತದೆಯೇ?"

ಕುಚ್ಚಲಕ್ಕಿ ಉಣ್ಣುವವರು ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸಿ ಒಣಗಿಸಿಡುತ್ತಾರೆ. ಆಮೇಲೆ ಮಿಲ್ಲಿಗೆ ಕೊಡುತ್ತಾರೆ. ಮಡಕೆಯಲ್ಲಿದ್ದುದು ಮಳೆಗೆ ಮೊದಲು ಹೆಂಡತಿ ಬೇಯಿಸಿಟ್ಟ ಭತ್ತ. ದಿನಕ್ಕೆ ಮೂರು ಹೊತ್ತು ಅದೇ ಅನ್ನ ಉಂಡರೂ ಬಡಗಿಗೆ ಬೆಂದ ಭತ್ತ ಯಾವುದು, ಬಿತ್ತುವ ಭತ್ತ ಯಾವುದು ಎಂಬುದು ಗೊತ್ತಿರಲಿಲ್ಲ.

ಮಗಳು ಗೆರಟೆಯಿಂದ ಒಂದು ಕಾಳು ಹೆಕ್ಕಿ ನೋಡಿದಳು. ಆಮೇಲೆ ನಕ್ಕಳು. ಈ ಸಲ ಕೆಮ್ಮಲ್ಲ. "ಪಪ್ಪಾ ಅನ್ನ ಬಿತ್ತಿದರು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಕ್ಕಮ್ಮ ನಕ್ಕಳು. ಬಡಗಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡ, ಒರೆಸಿಕೊಂಡು ಮತ್ತೆ ನಕ್ಕ. ಅಷ್ಟು ತಿಂಗಳಲ್ಲಿ ಆ ಮನೆಯ ಗೋಡೆಗಳು ಅಂಥ ಸದ್ದು ಕೇಳಿರಲಿಲ್ಲ.

"ನನ್ನ ಮಗಳು ಬೇಯಿಸಿದ ಭತ್ತದ ವಾಸನೆ ನನಗೆ ಮೊದಲ ದಿನವೇ ತಿಳಿಯಿತು" ಎಂದಳು ಅತ್ತೆ.

ಮಗಳು ಒಂದು ಗೆರಟೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಆರನ್ನೂ ಗೋದಲಿಯ ಮುಂದೆ ಜೋಡಿಸಿದಳು. ಬೋಳು ಮಣ್ಣಿನ ಮೇಲೆ ನಾಯಿಯಂಥ ಕುರಿಯನ್ನು ನಿಲ್ಲಿಸಿದಳು. "ಈ ವರ್ಷ ಬೆತ್ಲೆಹೇಮಿನಲ್ಲಿ ಕೊಯ್ಲು ಬೇಗ ಮುಗಿದಿದೆ" ಎಂದಳು. "ಚಿಕ್ಕಮ್ಮಾ, ಚೀಲ ಒಳಗಿಡಿ. ಹಬ್ಬ ಮುಗಿಸಿಕೊಂಡು ನೀವೊಬ್ಬರೇ ಹೋದರಾಯಿತು."

ಗುರುಗಳು ಕನ್ನಡಕ ಹಾಕಿಕೊಂಡರು. ಲಿಗೋರಿ ಬಹಳ ಹೊತ್ತು ಕಾಗದವನ್ನು ಮಡಿಸಿದ, ಬಿಚ್ಚಿದ.

"ಆ ಅಜ್ಜಿ ಮೊದಲ ದಿನವೇ ಹೇಳಿದ್ದರೆ ಬೇರೆ ಭತ್ತ ತಂದು ಬಿತ್ತಬಹುದಿತ್ತಲ್ಲ ಗುರುಗಳೇ? ಗದ್ದೆಯೂ ಹಸಿರಾಗುತ್ತಿತ್ತು" ಎಂದ.

"ಮೊಳೆಯುವ ಕಾಳಿಗೆ ನೀರೊಂದು ಸಾಕಪ್ಪ, ಮೊಳೆಯದ ಕಾಳಿಗೆ ಇಬ್ಬರು ಜೊತೆಗೆ ಕೂರಬೇಕಾಗುತ್ತದೆ" ಎಂದರು ಗುರುಗಳು.