ಉರಿಸಿಯೂ ತಾನು ಉರಿಯದ್ದು

"ಕೇಳಿರಿ, ಊರ ಜನರೇ! ರಾಜಕುಮಾರಿ ಹೊನ್ನಲದೇವಿಯವರ ಮೂರು ಒಗಟು ಒಡೆದವನಿಗೆ ಅವರನ್ನೇ ಕೊಟ್ಟು ಮದುವೆ. ಒಂದು ತಪ್ಪಿದರೂ ಹುಣ್ಣಿಮೆಗೆ ತಲೆದಂಡ! ಇಗೋ, ಮೊದಲನೆಯದು. ಒಂದೇ ತಾಯಿಯ ಅವಳಿಗಳು, ತೂಕದಲ್ಲಿ ಗುಂಜಿಯಷ್ಟೂ ಹೆಚ್ಚುಕಮ್ಮಿಯಿಲ್ಲ. ಇಬ್ಬರನ್ನೂ ಒಂದೇ ಬಾಯಿಗೆ ಕೊಟ್ಟರೆ ಒಬ್ಬ ಗಳಿಗೆಯಲ್ಲಿ ಮುಗಿದ, ಇನ್ನೊಬ್ಬ ಬೈಗಿನವರೆಗೂ ಉಳಿದ. ಯಾಕೆ?"

ಡಂಗುರ ಆಲೆಮನೆಯವರೆಗೂ ಕೇಳಿಸಿತು. ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುತ್ತಿದ್ದ ಚಿಕ್ಕೀರ ಎದ್ದು ನಿಂತ.

"ನಿಂಗ್ಯಾಕೋ ಅರಮನೆ ಉಸಾಬರಿ?" ಎಂದಳು ಅವ್ವ.

"ಇದರ ಉತ್ತರ ದಿನಾ ನನ್ನ ಕೈಯಲ್ಲೇ ಉರೀತದೆ ಕಣವ್ವ. ಉಳಿದೆರಡು ಏನಂತ ಕೇಳದಿದ್ದರೆ ನಂಗೆ ಅನ್ನ ಸೇರಲ್ಲ."

ಅರಮನೆಯಲ್ಲಿ ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಿದ್ದರು. ಪಾಳೆಯಗಾರನ ಮಗ ಬೇಡಿ ತೊಟ್ಟು ಹೊರಬಂದ. "ವಿಧಿ ಅಂದೆ, ಮೊದಲನೆಯದಕ್ಕೇ ಸೋತೆ!" ಅವನ ಹಿಂದೆ ಒಬ್ಬ ಪಂಡಿತ: "ಎರಡನೆಯದಕ್ಕೆ ಹೊತ್ತು ಅಂದೆ. ಹೊತ್ತು ಎರಡು ಸಲವೂ ಒಂದೇ ಹಾಗೆ ಸರಿಯುತ್ತದಲ್ಲವೇ ಎಂದುಬಿಟ್ಟಳು ರಾಜಕುಮಾರಿ!" ಕೊನೆಗೆ ಒಬ್ಬ ವ್ಯಾಪಾರಿ ಅಳುತ್ತಾ ಬಂದ: "ಮೂರನೆಯದಕ್ಕೆ ಮದುವೆ ದಲ್ಲಾಳಿ ಅಂದೆ. ದಲ್ಲಾಳಿ ಮದುವೆ ಊಟ ಉಂಡು ದಪ್ಪಗಾಗುತ್ತಾನಂತೆ!"

ಹೊತ್ತೂ ಅಲ್ಲದ, ದಲ್ಲಾಳಿಯೂ ಅಲ್ಲದ ಆ ಉತ್ತರಗಳು ಯಾವುವು ಎಂದು ತಿಳಿಯುವ ಆಸೆ ಚಿಕ್ಕೀರನನ್ನು ಒಳಕ್ಕೆ ನೂಕಿತು.

"ಅವಳಿಗಳು ಒಂದೇ ಮರದ ಎರಡು ಕೊರಡು, ಅಮ್ಮಣ್ಣಿ," ಎಂದ. "ಬಾಯಿ ಅಂದರೆ ಒಲೆ. ಬೆಂಕಿ ಹೊರಮೈಯಿಂದ ತಿನ್ನುತ್ತಾ ಬರುತ್ತದೆ. ಒಂದನ್ನು ಸೀಳಿ ಚಕ್ಕೆ ಮಾಡಿದರೆ ಮೈಯೆಲ್ಲ ಹೊರಗೇ. ಬೇಗ ಮುಗಿಯುತ್ತದೆ."

ಹೊನ್ನಲದೇವಿ ಪೀಠದಿಂದ ಮುಂದಕ್ಕೆ ಬಾಗಿದಳು. "ಒಂದೇ ಹಸುವಿನ ಹಾಲು, ಒಂದೇ ಗಡಿಗೆ. ಚಳಿಗಾಲದಲ್ಲಿ ದಿನವಿಡೀ ಸಿಹಿ, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹುಳಿ. ಮುಚ್ಚಳ ತೆಗೆಯದೆ ಒಳಹೊಕ್ಕು ಅವಸರಪಡಿಸಿದ್ದು ಯಾರು?"

"ಸೆಕೆ. ಬೇಸಿಗೆಯಲ್ಲಿ ಕಬ್ಬಿನ ಹಾಲನ್ನು ಗಾಣದಿಂದ ಇಳಿದ ಕೂಡಲೇ ಕಾಯಿಸಬೇಕು. ಚಳಿಗಾಲದಲ್ಲಾದರೆ ಕೂತು ಎಲೆಅಡಿಕೆ ಹಾಕಿಕೊಳ್ಳಬಹುದು."

ಅವಳು ನಕ್ಕಳು. ಪಕ್ಕದಲ್ಲಿದ್ದ ಅರಸ ನಗಲಿಲ್ಲ.

"ಮೂರನೆಯದು," ಎಂದಳು. "ಅದು ಬಂದರೆ ಆಗದ ಕೆಲಸ ಆಗುತ್ತದೆ. ಕೆಲಸ ಮುಗಿದರೂ ಅದು ಸವೆಯುವುದಿಲ್ಲ, ಬಂದ ಹಾಗೇ ಉಳಿಯುತ್ತದೆ. ಏನದು? ಬಾಯಲ್ಲಿ ಹೇಳಿದರೆ ಸಾಲದು, ತೋರಿಸು. ಈ ಕಲ್ಲುಸಕ್ಕರೆಯನ್ನು ಈ ದೀಪದಿಂದ ಹೊತ್ತಿಸು."

ಚಿಕ್ಕೀರ ಕಲ್ಲುಸಕ್ಕರೆಯನ್ನು ಚಿಮ್ಮಟದಲ್ಲಿ ಹಿಡಿದು ದೀಪದ ಕುಡಿಗೆ ಒಡ್ಡಿದ. ಅದು ಕಂದಾಗಿ ಕರಗಿ ತೊಟ್ಟಿಕ್ಕಿತು, ಹೊತ್ತಲಿಲ್ಲ. ಅರಸ ಕಾವಲಿನವನತ್ತ ನೋಡಿದ. ಚಿಕ್ಕೀರ ಕರಗಿದ ಸಕ್ಕರೆಯನ್ನೇ ದಿಟ್ಟಿಸಿದ. ಇದು ಹೊತ್ತಿದ್ದನ್ನು ತಾನು ಒಮ್ಮೆ ಕಂಡಿದ್ದೆನಲ್ಲ, ಎಲ್ಲಿ? ಹೌದು, ಆಲೆಮನೆಯ ಒಲೆಯ ಮುಂದೆ! ಉರುಳಿಬಿದ್ದ ಸಕ್ಕರೆಯ ಹರಳು ಮೈತುಂಬ ಬೂದಿ ಮೆತ್ತಿಕೊಂಡು ಭಗ್ಗೆಂದಿತ್ತು.

ಮೂಲೆಯ ಅಗ್ಗಿಷ್ಟಿಕೆಯಿಂದ ಚಿಟಿಕೆ ಬೂದಿ ತಂದು ಇನ್ನೊಂದು ಹರಳಿಗೆ ಉಜ್ಜಿದ. ದೀಪಕ್ಕೆ ಹಿಡಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹರಳು ಚಿಟಚಿಟನೆ ಸದ್ದು ಮಾಡಿತು, ನೀಲಿ ಅಂಚಿನ ಜ್ವಾಲೆ ಎದ್ದಿತು!

"ಬೂದಿ," ಎಂದ. "ಉರಿದು ಮುಗಿದದ್ದು, ಮತ್ತೆ ಉರಿಯುವುದಿಲ್ಲ. ಉರಿಯುವುದಕ್ಕೆ ದಾರಿ ಮಾತ್ರ ಮಾಡಿಕೊಡುತ್ತದೆ."

"ಬೂದಿಗೆ ಆ ಗುಣ ಯಾಕೆ?" ರಾಜಕುಮಾರಿ ಕೇಳಿದಳು.

"ಗೊತ್ತಿಲ್ಲ ಅಮ್ಮಣ್ಣಿ."

"ಗೊತ್ತಿಲ್ಲದವನಿಗೆ ಮಗಳನ್ನು ಕೊಡಲೇ?" ಅರಸ ಗುಡುಗಿದ.

"ನನಗೂ ಗೊತ್ತಿಲ್ಲ ಅಪ್ಪಾಜಿ. ಗೊತ್ತಿಲ್ಲ ಎಂದು ಒಪ್ಪಿಕೊಂಡ ಮೊದಲನೆಯವನು ಇವನೇ. ಮೂರೂ ಒಡೆದಿದ್ದಾನೆ, ಮಾತು ಉಳಿಸಿಕೊಳ್ಳಿ."

ಚಿಕ್ಕೀರ ಮೊದಲು ಬೇಡಿದ್ದು ಆ ಮೂವರ ಜೀವವನ್ನು. ಅವರ ಬೇಡಿ ಕಳಚಿದ ಮೇಲೆ ಮದುವೆಯ ಓಲಗ ಊದಿತು. ಅವ್ವನಿಗೂ ಅರಮನೆಯಿಂದ ಪಲ್ಲಕ್ಕಿ ಹೋಯಿತು.

ಮದುವೆಯಾದ ಮೂರನೆಯ ದಿನ ಗಂಡಹೆಂಡಿರು ಅಡುಗೆಮನೆಯ ಅಂಗಳದಲ್ಲಿ ಹದಿನೇಳು ಬಗೆಯ ಬೂದಿ ಸುರುವಿಕೊಂಡು, ಒಂದೊಂದನ್ನೂ ಕಲ್ಲುಸಕ್ಕರೆಗೆ ಉಜ್ಜಿ ಹೊತ್ತಿಸಿ ನೋಡುತ್ತಾ ಕೂತಿದ್ದರು. ಊಟಕ್ಕೆ ಕರೆಯಲು ಬಂದ ಅರಸ ಗೊಣಗಿದ, ನಿಂತ, ಕೊನೆಗೆ ಪಂಚೆ ಎತ್ತಿ ಕಟ್ಟಿ ಅವರ ಪಕ್ಕದಲ್ಲೇ ಕುಕ್ಕರಿಸಿದ.

"ಆ ಹುಣಿಸೆ ಕಟ್ಟಿಗೆಯ ಬೂದಿ ಹಾಕಿ ನೋಡಿದಿರಾ?"